ಇಪ್ಪತ್ತೈದರ ಎಂಜಿನ್

ದೋಣಿ ಕೊಳ್ಳಲೆಂದು ನೋಡಲು ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಎಂಜಿನ್ನಿನ ಮುಚ್ಚಳದ ಮೇಲಿನ ಸಂಖ್ಯೆಯನ್ನು. ಇಪ್ಪತ್ತೈದು ಕುದುರೆ ಶಕ್ತಿ ಎಂದು ಓದಿದ ಕೂಡಲೇ ಅವರ ಮುಖ ಸಪ್ಪಗಾಗುತ್ತಿತ್ತು. ಮರ್ಯಾದೆಗೆಂದು ದೋಣಿಗೆ ಒಂದು ಸುತ್ತು ಹಾಕಿ, ಅಂಚನ್ನು ಬೆರಳಿನಿಂದ ತಟ್ಟಿ, "ಮನೇಲಿ ಕೇಳಿ ಹೇಳ್ತೀವಿ" ಎಂದು ಜಾಗ ಖಾಲಿ ಮಾಡುತ್ತಿದ್ದರು. ಹೆಂಡತಿಯನ್ನು ಕೇಳಿ ನಡೆಯುವ ಗಂಡಸರು ಊರಿನಲ್ಲಿ ಇಷ್ಟೊಂದು ಜನ ಇದ್ದಾರೆಂದು ಟೈಲರಕ್ಕನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ದೋಣಿ ಅವಳ ಗಂಡನದು. ಅವನು ಹೋದ ವರ್ಷ ಅಳಿವೆಯಲ್ಲಿ, ನದಿ ಸಮುದ್ರಕ್ಕೆ ಬಾಯಿ ಬಿಡುವ ಜಾಗದಲ್ಲಿ, ತೀರಿಕೊಂಡಿದ್ದ. ಇಳಿತದ ಹೊತ್ತು, ನದಿಯ ನೀರೆಲ್ಲ ಹೊರಗೆ ಎಳೆಯುತ್ತಿತ್ತು. ಅವನು ಮೀನು ತುಂಬಿಕೊಂಡು ಒಳಗೆ ಬರಲು ಒದ್ದಾಡುತ್ತಿದ್ದ. ಕಲ್ಲಿನ ತಡೆಗೋಡೆಯ ಮೇಲೆ ನಿಂತಿದ್ದವರು ಕಣ್ಣಾರೆ ಕಂಡಿದ್ದರು. ಎಂಜಿನ್ ಬಾಯಿ ಬಡಿದುಕೊಳ್ಳುತ್ತಿತ್ತು, ದೋಣಿ ಮಾತ್ರ ನಿಂತಲ್ಲೇ ನಿಂತಿತ್ತು, ಆಮೇಲೆ ಹಿಂದೆ ಹಿಂದೆ ಸರಿಯಿತು. ದೋಣಿ ಮೊದಲು ಸಿಕ್ಕಿತು. ಅವನು ಆಮೇಲೆ.

ಎಂಜಿನ್ನಿಗೆ ಶಕ್ತಿ ಸಾಲಲಿಲ್ಲ ಎಂದು ಊರೇ ತೀರ್ಪು ಕೊಟ್ಟಿತು. ಆ ಎಂಜಿನ್ ಆರಿಸಿದವಳು ಟೈಲರಕ್ಕ.

ಗಂಡನಿಗೆ ವೇಗದ ಹುಚ್ಚಿತ್ತು. ಇಳಿಜಾರಿನಲ್ಲಿ ಸೈಕಲ್ಲಿಗೆ ಬ್ರೇಕು ಹಿಡಿಯುವುದೂ ಅವಮಾನ ಎಂದುಕೊಂಡಿದ್ದ ಆಸಾಮಿ. ನಲವತ್ತು ಕುದುರೆ ಶಕ್ತಿಯ ಎಂಜಿನ್ನೇ ಬೇಕೆಂದು ಅಂಗಡಿಯಲ್ಲಿ ಹಟ ಹಿಡಿದಿದ್ದ. ಈ ದೋಣಿಗೆ ಇಪ್ಪತ್ತೈದು ಧಾರಾಳವಾಗಿ ಸಾಕು ಎಂದು ಅಂಗಡಿಯವನೂ ಹೇಳಿದ, ಇವನು ಕೇಳಲಿಲ್ಲ. ಆಗ ಅವಳು, "ನೀವು ಮೀನು ಹಿಡಿಯೋಕೆ ಹೋಗ್ತೀರೋ, ಮೀನಿನ ಜೊತೆ ಓಟದ ಪಂದ್ಯಕ್ಕೆ ಹೋಗ್ತೀರೋ?" ಎಂದಿದ್ದಳು. ಅಂಗಡಿಗೆ ಅಂಗಡಿಯೇ ನಕ್ಕಿತು. ಗಂಡನೂ ನಕ್ಕು ಸೋತ. ಆ ಮಾತನ್ನು ಅವಳು ಹೊಲಿಯಲು ಬಟ್ಟೆ ಕೊಡಲು ಬಂದವರಿಗೆಲ್ಲ ವರ್ಷಗಟ್ಟಲೆ ಹೇಳಿ ಜಂಬಪಟ್ಟಿದ್ದಳು. ಈಗ ಅದೇ ಮಾತು ಗಂಟಲಿನ ಮುಳ್ಳಾಗಿತ್ತು.

ಮೈದುನ ಐಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಣ್ಣ ಹೋದ ಮೇಲೆ ಅತ್ತಿಗೆಯ ಮನೆಗೆ ಬೇಕಾದ್ದನ್ನೆಲ್ಲ ಅವನೇ ತಂದು ಹಾಕುತ್ತಿದ್ದ. ಸೂರು ಸೋರಿದರೆ ಹತ್ತಿ ಸರಿಮಾಡುತ್ತಿದ್ದ. ಅವಳನ್ನು ಒಂದು ದಿನವೂ ಒಂದು ಮಾತು ಅಂದವನಲ್ಲ. ಆದರೆ ಊಟಕ್ಕೆ ಕೂತಾಗ, ತಟ್ಟೆಗೆ ಹೇಳುವಂತೆ, "ನಲವತ್ತಿದ್ದಿದ್ರೆ ಅಣ್ಣ ಬರ್ತಿದ್ದ" ಎನ್ನುತ್ತಿದ್ದ. ಅವನು ಜಗಳಕ್ಕೆ ಬಂದಿದ್ದರೆ ಅವಳೂ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದಳು. ಇಷ್ಟು ಒಳ್ಳೆಯವನ ಜೊತೆ ಏನಂತ ಜಗಳ ಆಡುವುದು?

ಗಂಡ ಸತ್ತಾಗಿನಿಂದ ಅವಳು ಅತ್ತಿರಲಿಲ್ಲ. ನೀರಿಗೆ ನೂಕಿದವಳೇ ದಡದಲ್ಲಿ ಕೂತು ಅಳುವುದು ಯಾವ ನ್ಯಾಯ ಎಂದು ಅವಳಿಗೆ ಅನ್ನಿಸುತ್ತಿತ್ತು. ಊರಿನವರು ಗಟ್ಟಿ ಹೆಂಗಸು ಎಂದು ಹೊಗಳಿದರು. ಹೊಗಳಿಕೆ ಕೇಳಿದಾಗಲೆಲ್ಲ ಅವಳಿಗೆ ಎದ್ದು ಎಲ್ಲಾದರೂ ಓಡಿಹೋಗಬೇಕು ಎನಿಸುತ್ತಿತ್ತು.

ಹೀಗಿರುವಾಗ ನದಿಯ ಆಚೆ ದಡದಿಂದ ಒಬ್ಬ ಮೀನುಗಾರ ಹೆಂಡತಿಯನ್ನು ಕಟ್ಟಿಕೊಂಡೇ ದೋಣಿ ನೋಡಲು ಬಂದ. ಕಡ್ಡಿಯಂಥ ಆಳು, ಹೆಗಲ ಮೇಲೊಂದು ಗೋಣಿಚೀಲ. ಮುಚ್ಚಳದ ಸಂಖ್ಯೆಯನ್ನು ಅವನು ತಿರುಗಿಯೂ ನೋಡಲಿಲ್ಲ. ಮೊದಲು ಎಂಜಿನ್ನಿನ ಮೇಲೆ ಅಂಗೈ ಇಟ್ಟು, ಮುಂಚೆಯೇ ಬಿಸಿ ಮಾಡಿಟ್ಟಿಲ್ಲ ತಾನೇ ಎಂದು ಪರೀಕ್ಷಿಸಿದ. ಹಗ್ಗ ಎಳೆದ. ಎರಡನೇ ಎಳೆತಕ್ಕೆ ಅದು ಹತ್ತಿಕೊಂಡಿತು.

"ಇಪ್ಪತ್ತೈದು ಅಷ್ಟೇ," ಎಂದ ಮೈದುನ, ಯಾರಾದರೂ ಹೇಳಲೇಬೇಕಲ್ಲ ಎನ್ನುವಂತೆ.

"ಬರೆದಿರೋದು ಬಿಡಿ. ನನ್ನ ಬನಿಯನ್ ಮೇಲೆ ಹುಲಿ ಚಿತ್ರ ಇದೆ. ನಾನು ಹುಲಿನಾ?"

"ಅಲ್ಲ ಅಂತ ನಾನು ಬರ್ಕೊಡ್ತೀನಿ," ಎಂದಳು ಅವನ ಹೆಂಡತಿ.

ಅವನ ಪದ್ಧತಿಯೇ ಬೇರೆ. ಎಂಜಿನ್ನಿನ ಬುಡವನ್ನು ಮೇಲಕ್ಕೆತ್ತಿ, ನೀರು ತಳ್ಳುವ ರೆಕ್ಕೆಯ ನಡುವೆ, ಒಳಗಿನ ಕೊಳವೆಯಿಂದ ಹೊರಗಿನ ಲೋಹದವರೆಗೆ ಮೊಳೆಯಿಂದ ನೇರವಾಗಿ ಒಂದು ಗೀರು ಎಳೆದ. ಏಕೆಂದು ಕೇಳಿದರೆ, "ಅಭ್ಯಾಸ" ಎಂದ. ಆಮೇಲೆ ದೋಣಿಯಲ್ಲಿದ್ದ ಮೀನಿನ ಡ್ರಮ್ಮುಗಳಿಗೆಲ್ಲ ಕಂಠಮಟ್ಟ ನೀರು ತುಂಬಿಸಿದ. ಖಾಲಿ ದೋಣಿಯಲ್ಲಿ ಎಲ್ಲ ಎಂಜಿನ್ನೂ ಶೂರನೇ, ಹೊರೆ ಹೊತ್ತಾಗ ಅದರ ಬಣ್ಣ ಬಯಲಾಗುತ್ತದೆ ಎಂಬುದು ಅವನ ವಾದ. ಇಳಿತ ಜೋರಾಗುವವರೆಗೆ ಜಗಲಿಯಲ್ಲಿ ಕಾಲು ಚಾಚಿ ಕೂತ. ಹೊರಡುವಾಗ ಎಲ್ಲರಿಗೂ ತೇಲುವ ಜಾಕೆಟ್ ತೊಡಿಸಿದ. ಎಲ್ಲರಿಗೂ ಎಂದರೆ ಟೈಲರಕ್ಕನ ಕೈಗೂ ಒಂದು ಕೊಟ್ಟ.

"ನಾನ್ಯಾಕೆ?" ಎಂದಳು ಅವಳು. ಗಂಡ ಹೋದ ಮೇಲೆ ಆ ದೋಣಿಗೆ ಹೊದಿಕೆ ಹೊಲಿದು ಹಾಕಿದ್ದಳೇ ಹೊರತು ಒಂದು ಕಾಲನ್ನೂ ಇಟ್ಟಿರಲಿಲ್ಲ.

"ಮಾರೋರು ಕೂತ್ಕೊಳ್ಳದ ದೋಣೀನ ನಾನು ಕೊಳ್ಳಲ್ಲ ಅಕ್ಕ."

"ಅತ್ತಿಗೆ ಬೇಡ. ನಾನು ಬರ್ತೀನಲ್ಲ," ಎಂದ ಮೈದುನ.

ಅವಳು ಜಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬಗಲಿನ ಹೊಲಿಗೆ ಬಿಟ್ಟಿತ್ತು. ಬೇರೆ ದಿನವಾಗಿದ್ದರೆ ಅದೇ ನೆಪ ಸಾಕಿತ್ತು. ಆದರೆ ಒಂದು ವರ್ಷ ಊರಿನವರ ಬಾಯಿಂದ ಕೇಳಿ ಕೇಳಿ ಸಾಕಾಗಿತ್ತು ಅವಳಿಗೆ. ತನ್ನ ಇಪ್ಪತ್ತೈದು ಏನು ಮಾಡಿತು ಎಂದು ಒಮ್ಮೆ ತಾನೇ ನೋಡಿಬಿಡಬೇಕು ಎನಿಸಿತು. ಬಗಲಿಗೊಂದು ಪಿನ್ನು ಚುಚ್ಚಿಕೊಂಡು ದೋಣಿ ಹತ್ತಿದಳು. ದೋಣಿ ಒಂದು ಪಕ್ಕಕ್ಕೆ ವಾಲಿತು.

"ಡ್ರಮ್ ಇನ್ನೊಂದು ತುಂಬಿಸೋದು ಉಳೀತು," ಎಂದಳು ಮೀನುಗಾರನ ಹೆಂಡತಿ. ಅವಳೂ ಏನು ಹತ್ತಿಯ ಮೂಟೆಯಾಗಿರಲಿಲ್ಲ. ಇಬ್ಬರೂ ಎದುರುಬದುರು ಕೂತರು.

ಹೋಗುವಾಗ ಇಳಿತವೇ ಅವರನ್ನು ಎತ್ತಿಕೊಂಡು ಹೋಯಿತು. ತಡೆಗೋಡೆಯ ಒಳಬದಿಗೆ ಬಂದ ಮೇಲೆ, ಅಳಿವೆಗೆ ಇನ್ನೂ ದೂರವಿರುವಾಗಲೇ, ಮೀನುಗಾರ ದೋಣಿಯನ್ನು ತಿರುಗಿಸಿ ಸೆಳೆತಕ್ಕೆ ಎದುರಾಗಿ ನಿಲ್ಲಿಸಿದ. ಗೋಡೆಯ ಮೇಲೆ ಬಿಳಿ ಬಳಿದ ಕಂಬಗಳಿದ್ದವು. ಅರ್ಧ ವೇಗಕ್ಕೆ ದೋಣಿ ಒಂದು ಕಂಬದ ನೇರಕ್ಕೆ ಅಲುಗದೆ ನಿಂತಿತು. ಅವನು ವೇಗದ ಹಿಡಿಯನ್ನು ಪೂರ್ತಿ ತಿರುಗಿಸಿದ.

ಎಂಜಿನ್ ಕಿರುಚಿತು. ಬೆನ್ನ ಹಿಂದೆ ನೀರು ನೊರೆಯೆದ್ದಿತು. ಟೈಲರಕ್ಕ ಕಂಬವನ್ನೇ ನೋಡುತ್ತಿದ್ದಳು. ಹಿಂದೆ ಉಳಿಯಬೇಕಾಗಿದ್ದ ಕಂಬ ಮೆಲ್ಲಗೆ ಮುಂದಕ್ಕೆ ಹೋಯಿತು. ಇನ್ನೊಂದು ಕಂಬ ಬಂತು, ಅದೂ ಮುಂದಕ್ಕೆ ಹೋಯಿತು. ಅವರು ಹಿಂದಕ್ಕೆ ಜಾರುತ್ತಿದ್ದರು.

ಹಾಗಾದರೆ ನಿಜ, ಎಂದುಕೊಂಡಳು. ಈ ಹಲಗೆಯ ಮೇಲೆ ಕೂತು ಅವನೂ ಹೀಗೇ ಕಂಬ ಎಣಿಸಿರಬೇಕು. ಆಗ ಅವನಿಗೆ ಅಂಗಡಿಯ ಮಾತು ನೆನಪಾಯಿತೋ ಏನೋ.

"ಅವತ್ತೂ ಹೀಗೇ ಕೂಗ್ತಿತ್ತು," ಎಂದ ಮೈದುನ. "ನಾನು ಗೋಡೆ ಮೇಲಿದ್ದೆ."

ಮೀನುಗಾರ ತಟ್ಟನೆ ವೇಗ ಇಳಿಸಿದ. "ಹೀಗೇನಾ? ಸರಿಯಾಗಿ ಜ್ಞಾಪಿಸ್ಕೊಳ್ಳಿ. ನರಳ್ತಿತ್ತಾ, ಕಿರುಚ್ತಿತ್ತಾ?"

"ಎರಡೂ ಒಂದೇ ಅಲ್ವಾ?"

"ಖಂಡಿತ ಅಲ್ಲ. ಶಕ್ತಿ ಸಾಲದ ಎಂಜಿನ್ ಹೊರೆ ಬಿದ್ರೆ ನರಳತ್ತೆ, ಕೆಮ್ಮತ್ತೆ, ದನಿ ಕುಗ್ಗತ್ತೆ. ಮೆಟ್ಟಿಲು ಹತ್ತೋ ನನ್ನ ಮಾವನ ಥರ."

"ಕಿರುಚ್ತಿತ್ತು," ಎಂದ ಮೈದುನ. "ಈಗ ಕಿರುಚಿದ ಹಾಗೇ. ಆ ಸದ್ದು ನನ್ನ ಕಿವಿಯಿಂದ ಹೋಗಿಲ್ಲ."

ದಡದ ಹತ್ತಿರ ಸೆಳೆತ ಕಡಿಮೆ. ಮೀನುಗಾರ ಅರ್ಧ ವೇಗದಲ್ಲೇ ದೋಣಿಯನ್ನು ಓರೆಯಾಗಿ ನಡೆಸಿ ಒಂದು ಮರಳುದಿಬ್ಬಕ್ಕೆ ಮುಟ್ಟಿಸಿದ. ಮೊಣಕಾಲುದ್ದ ನೀರಿಗಿಳಿದು ಎಂಜಿನ್ ಎತ್ತಿದ. ಆಮೇಲೆ ಎಲ್ಲರನ್ನೂ ಕರೆದ.

ಅವನು ಎಳೆದಿದ್ದ ಗೀರು ಈಗ ಎರಡು ತುಂಡಾಗಿತ್ತು. ಒಳಗಿನ ತುಂಡು ಒಂದು ಕಡೆ, ಹೊರಗಿನದು ಅದಕ್ಕೆ ಸಂಬಂಧವೇ ಇಲ್ಲದಂತೆ ಇನ್ನೊಂದು ಕಡೆ.

"ಈ ಕೊಳವೆಗೂ ರೆಕ್ಕೆಗೂ ನಡುವೆ ಒಂದು ರಬ್ಬರ್ ಇರತ್ತೆ," ಎಂದ. "ಅದು ಹಿಡಿತ ಬಿಟ್ಟಿದೆ. ಎಂಜಿನ್ ತಿರುಗ್ತಾ ಇದೆ, ರೆಕ್ಕೆಗೆ ಸುದ್ದಿ ಮುಟ್ಟಿಲ್ಲ."

ಟೈಲರಕ್ಕನಿಗೆ ಅದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಹೊಲಿಗೆ ಮಷಿನ್ನಿನ ಬೆಲ್ಟು ಸಡಿಲವಾದರೆ ಹೀಗೇ. ಕಾಲು ಬಿದ್ದುಹೋಗುವಂತೆ ತುಳಿದರೂ ಕೆಳಗಿನ ಚಕ್ರವಷ್ಟೇ ಬರ್ರೆಂದು ಓಡುತ್ತದೆ, ಸೂಜಿ ಕದಲುವುದಿಲ್ಲ. ತೆಳು ಬಟ್ಟೆಗೆ ಗೊತ್ತಾಗದು. ದಪ್ಪ ಬಟ್ಟೆ ಇಟ್ಟಾಗಲೇ ಅದು ಜಾರುವುದು.

"ಇದು ಮೊದಲೇ ಗೊತ್ತಾಗ್ತಿರ್ಲಿಲ್ವಾ?" ಎಂದು ಕೇಳಿದಳು.

"ಹೇಗೆ ಗೊತ್ತಾಗತ್ತೆ? ಒಳಗಿರೋದು. ಹಗುರಕ್ಕೆ ಓಡಿಸಿದ್ರೆ ಸುಮ್ನಿರತ್ತೆ. ಪೂರ್ತಿ ಕೊಟ್ಟಾಗ್ಲೇ ಕೈ ಕೊಡೋದು. ಅಳಿವೆ ನಡುವೆ ಪೂರ್ತಿ ಕೊಡದೆ ಯಾರೂ ಬರೋಕಾಗಲ್ಲ. ನಾನಿದ್ರೂ ಕೊಡ್ತಿದ್ದೆ."

ಮೈದುನ ಆ ಗೀರಿನ ತುಂಡುಗಳನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. "ನಲವತ್ತು ಇದ್ದಿದ್ರೆ?" ಎಂದ.

"ನಲವತ್ತು ಇದ್ದಿದ್ರೆ ಇನ್ನೂ ಬೇಗ ಜಾರ್ತಿತ್ತು. ಜೋರು ಹೆಚ್ಚಾದಷ್ಟೂ ಹಿಡಿತ ಬೇಗ ಬಿಡತ್ತೆ. ಸಂಖ್ಯೆಗೂ ಇದಕ್ಕೂ ಏನ್ ಸಂಬಂಧ?"

ಮೈದುನ ಬೆರಳು ತೆಗೆದ. ಮೀನುಗಾರ ಗೋಣಿಚೀಲದಿಂದ ತನ್ನದೇ ಒಂದು ರೆಕ್ಕೆಯನ್ನು ತೆಗೆದ. ಅವನ ಹಳೆಯ ಎಂಜಿನ್ನೂ ಇದೇ ಜಾತಿಯದಂತೆ. "ಮದುವೆ ಮನೆಗೆ ಹೋದ್ರೂ ಇವ್ರು ಇದನ್ನ ಬಿಟ್ಟು ಬರಲ್ಲ," ಎಂದು ಹೆಂಡತಿ ದೂರಿದಳು, ಆದರೆ ದೂರಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ನಟ್ಟು ಬಿಚ್ಚಿ, ಹಳೆಯದನ್ನು ಎಳೆದು, ಹೊಸದನ್ನು ತೂರಿಸಿ, ಪಿನ್ನು ಬಗ್ಗಿಸಿದ. ಮತ್ತೆ ಎಲ್ಲರೂ ಹತ್ತಿದರು. ಅವೇ ಡ್ರಮ್ಮುಗಳು, ಅವೇ ನಾಲ್ಕು ಜನ, ಇಳಿತ ಈಗ ಇನ್ನೂ ಜೋರು.

ಅವನು ಅದೇ ಜಾಗಕ್ಕೆ ಹೋಗಿ ಹಿಡಿ ತಿರುಗಿಸಿದ. ಈ ಸಲ ಎಂಜಿನ್ ಕಿರುಚಲಿಲ್ಲ. ಗಟ್ಟಿಯಾಗಿ ಒಂದು ದನಿ ತೆಗೆಯಿತು. ಮೂತಿ ಎದ್ದಿತು, ದೋಣಿ ನೀರನ್ನು ಎರಡಾಗಿ ಸೀಳಿ ನಡೆಯಿತು. ಕಂಬಗಳು ಒಂದೊಂದಾಗಿ ಹಿಂದೆ ಬಿದ್ದವು. ಟೈಲರಕ್ಕ ತಿರುಗಿ ತಿರುಗಿ ನೋಡಿದಳು. ಹೌದು, ಹಿಂದೆಯೇ ಹೋಗುತ್ತಿದ್ದವು.

"ಪೂರ್ತಿ ಕೊಟ್ಟಿಲ್ಲ ಇನ್ನೂ," ಎಂದು ಮೀನುಗಾರ ಕೂಗಿ ಹೇಳಿದ. "ಈ ದೋಣಿಗೆ ಹೇಳಿ ಮಾಡಿಸಿದ ಹಾಗಿದೆ. ಆರಿಸಿದೋರು ಯಾರೋ, ತಿಳಿದೋರು."

ಅವಳಿಗೆ ನಗು ಬಂತು. ನಗುತ್ತಲೇ ಅವಳು ಬಾಯ್ತುಂಬ ಗಾಳಿ ಕುಡಿದಳು. ನಾನಲ್ಲ, ಎಂದು ಅಂದುಕೊಂಡಳು. ನಾನಲ್ಲ, ನಾನಲ್ಲ. ಎಂಜಿನ್ನಿನ ಸದ್ದಿನಲ್ಲಿ ಅದನ್ನು ಗಟ್ಟಿಯಾಗಿಯೇ ಹೇಳಿದಳು ಬೇರೆ. ಯಾರಿಗೂ ಕೇಳಿಸಲಿಲ್ಲ.

ದೋಣಿ ಕಟ್ಟುವ ಕಟ್ಟೆಗೆ ಬಂದು ಇಳಿಯುವಾಗ ಮೈದುನ ಕೈ ಕೊಟ್ಟ. ಅವಳು ಮೇಲೆ ಬಂದ ಮೇಲೂ ಕೈ ಬಿಡಲಿಲ್ಲ. "ಅತ್ತಿಗೆ, ನಾನು ಇಷ್ಟು ದಿನ," ಎಂದು ಶುರುಮಾಡಿದ.

"ಹೋಗ್ಲಿ ಬಿಡು," ಎಂದಳು ಅವಳು. "ನಾನೂ ಹಾಗೇ ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಕಟ್ಟೆಯ ಮೆಟ್ಟಿಲ ಮೇಲೆ ಕೂತಳು. ಕೂತವಳಿಗೆ ಅಳು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾಗದಂತೆ, ಬಾಯಿಗೆ ಸೆರಗನ್ನೂ ಇಟ್ಟುಕೊಳ್ಳದೆ, ಎದೆ ಬಡಿದುಕೊಂಡು ಅತ್ತಳು. ಬಲೆ ಒಣಗಿಸುತ್ತಿದ್ದವರು ಕೆಲಸ ಬಿಟ್ಟು ನೋಡಿದರು. ಮೀನುಗಾರನ ಹೆಂಡತಿ ಗಾಬರಿಯಾಗಿ ಪಕ್ಕದಲ್ಲಿ ಕೂತಳು.

"ದೋಣಿ ಮೇಲೆ ಅಷ್ಟು ಪ್ರೀತಿ ಇದ್ರೆ ಇಟ್ಕೊಂಡ್ಬಿಡಿ ಅಕ್ಕ. ನಾವು ಬೇರೆ ನೋಡ್ಕೋತೀವಿ."

"ದೋಣಿ ನೀವೇ ತಗೊಂಡ್ಹೋಗಿ," ಎಂದಳು ಟೈಲರಕ್ಕ. ಮೂಗು ಒರೆಸಿಕೊಂಡಳು. ಆಮೇಲೆ, ಆ ಹೆಂಗಸಿಗೆ ಆಗಷ್ಟೇ ಬಂದ ಸುದ್ದಿ ತಿಳಿಸುವವಳ ಹಾಗೆ, "ನಮ್ಮನೆಯವರು ಹೋಗ್ಬಿಟ್ರಮ್ಮ," ಎಂದಳು.