ಪಿಜನ್ ಲೇನಿಗೆ ಒಂದು ಸಲಾಂ

ಸ್ಪ್ಯಾನರ್ ಬಂದು ಜಗಲಿಯ ಮೇಲೆ ಕೂತಾಗ ಮಿಸ್ ಐಲೀನ್ ಅವನಿಗೆ ಹಬ್ಬದ ಸೊರೆಲ್ ಶರಬತ್ತು ಕೊಟ್ಟಳು. ಕೊಡದೆ ಇರುವ ಧೈರ್ಯ ಟ್ಯಾಮರಿಂಡ್ ಲೇನಿನಲ್ಲಿ ಯಾರಿಗೂ ಇರಲಿಲ್ಲ. ಒಂದು ಕಾಲಕ್ಕೆ ಸೈಕಲ್ ರಿಪೇರಿ ಮಾಡಿಕೊಂಡಿದ್ದವನು ಈಗ ಪಕ್ಷದ ಮನುಷ್ಯ. ಲೇನಿನಲ್ಲಿ ಯಾರು ಇರಬೇಕು, ಯಾರು ಗಂಟುಮೂಟೆ ಕಟ್ಟಬೇಕು ಎನ್ನುವುದು ಅವನ ತೀರ್ಮಾನ. ಸೊಂಟಕ್ಕೆ ಪಿಸ್ತೂಲು ಬಂದಿದ್ದರೂ ಹೆಸರು ಮಾತ್ರ ರಿಪೇರಿ ಅಂಗಡಿಯದೇ ಉಳಿದಿತ್ತು.

"ಸಿಸ್ಟರ್ ವೆರೋನಾ, ನಿನ್ನೆ ರೇಡಿಯೋದಲ್ಲಿ ಕೇಳ್ದೆ ನಿಮ್ಮನ್ನ," ಅಂದ. "ಲಂಡನ್ ನೀರು ಕುಡಿದ್ರೂ ನಾಲಿಗೆ ಕೆಟ್ಟಿಲ್ಲ ಕಣ್ರೀ. ಒಂದೇ ಒಂದು ತಪ್ಪಾಯ್ತು, ಅಷ್ಟೆ."

ಲಂಡನ್ನಿನಿಂದ ಬಂದಿದ್ದ ಮಗಳು ವೆರೋನಾ ಮಿಸ್ ಐಲೀನಳ ಪಕ್ಕದಿಂದ ಎದ್ದು ನಿಂತಳು. "ಏನ್ ತಪ್ಪು?"

"ಪಿಜನ್ ಲೇನಿಗೆ ಸಲಾಂ ಹೇಳಿದ್ರಿ."

ಕಿಂಗ್‌ಸ್ಟನ್ನಿನಲ್ಲಿ ಹಾಡುವವರಿಗೆ ಒಂದು ಪದ್ಧತಿ ಇದೆ. ಮೈಕು ಹಿಡಿದ ಮೇಲೆ ತಾವು ಹುಟ್ಟಿ ಬೆಳೆದ ಓಣಿಗಳ ಹೆಸರು ಹಿಡಿದು ಸಲಾಂ ಹೇಳಬೇಕು. ಹೇಳದಿದ್ದರೆ ಕೊಬ್ಬು ಬಂದಿದೆ ಎನ್ನುತ್ತಾರೆ. ವೆರೋನಾ ಹೇಳಿದ್ದೂ ಅದನ್ನೇ. ಚಿಕ್ಕವಳಾಗಿದ್ದಾಗ ಶಾಲೆಗೆ ನಡೆಯುವ ದಾರಿಯಲ್ಲಿ ಒಂದರ ಹಿಂದೆ ಒಂದು ಬರುತ್ತಿದ್ದ ಲೇನುಗಳನ್ನು ಮಗ್ಗಿಯ ಹಾಗೆ ಒಪ್ಪಿಸಿದ್ದಳು. ಟ್ಯಾಮರಿಂಡ್ ಲೇನು, ದೊಡ್ಡ ರಸ್ತೆ ದಾಟಿದರೆ ಪಿಜನ್ ಲೇನು. ಅವಳು ಊರು ಬಿಟ್ಟಾಗ ಆ ಎರಡು ಲೇನಿನವರು ಒಬ್ಬರ ಮೇಲೊಬ್ಬರು ಮಾವಿನ ವಾಟೆ ಎಸೆಯುತ್ತಿದ್ದರು. ಈಗ ಒಂದು ಲೇನು ಒಂದು ಪಕ್ಷದ್ದು, ಇನ್ನೊಂದು ಇನ್ನೊಂದರದ್ದು. ದೊಡ್ಡ ರಸ್ತೆ ಅಂದರೆ ಮೂವತ್ತು ಹೆಜ್ಜೆ. ಅದನ್ನು ದಾಟಲು ಹೋಗಿ ಈ ವರ್ಷವೇ ಹನ್ನೊಂದು ಜನ ಸತ್ತಿದ್ದರು. ಒಂಬತ್ತು ವರ್ಷ ಲಂಡನ್ನಿನಲ್ಲಿದ್ದವಳಿಗೆ ಇದನ್ನು ಯಾರು ಹೇಳಬೇಕು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ನಾಳೆ ಕ್ರಿಸ್‌ಮಸ್ ಕಛೇರೀಲಿ ಸರಿ ಮಾಡ್ಬಿಡಿ," ಅಂದ ಸ್ಪ್ಯಾನರ್. "ಸಲಾಂ ನಮ್ ಲೇನಿಗೆ ಒಂದಕ್ಕೇ. ರಸ್ತೆ ಆಚೆ ಯಾರೂ ಇಲ್ಲ ಅಂತಾನೂ ಬಾಯ್ಬಿಟ್ಟು ಹೇಳಿ. ಹುಡುಗ್ರು ಸಿಟ್ಟಾಗಿದಾರೆ. ಅಮ್ಮನ ಮನೆ ನೋಡಿ, ಪೂರ್ತಿ ಮರದ್ದು, ಒಣ್ಗಿ ಬೇರೆ ಹೋಗಿದೆ. ನೀವು ಹಾಡೋ ಹೊತ್ತಲ್ಲಿ ಅಮ್ಮ ಒಬ್ರೇ ಇರ್ಬಾರ್ದು ಅಂತ ಇಬ್ಬರನ್ನ ಇಲ್ಲೇ ಜಗಲೀಲಿ ಕೂರಿಸ್ತೀನಿ."

ಅವನು ಹೋದ ಮೇಲೆ ಮಿಸ್ ಐಲೀನ್ ಖಾಲಿ ಲೋಟ ಎತ್ತಿ ನೋಡಿದಳು. "ತಳದಲ್ಲಿ ಶುಂಠಿ ಕೂಡ ಬಿಟ್ಟಿಲ್ಲ ನೋಡು, ಹಾಳಾದೋನು."

"ಅಮ್ಮಾ, ತಮಾಷೆ ಮಾಡ್ಬೇಡ. ನನ್ಜೊತೆ ಲಂಡನ್‌ಗೆ ಬಂದ್ಬಿಡು."

"ಈ ಕಾಲು ಇಟ್ಕೊಂಡಾ? ಸಕ್ಕರೆ ಕಾಯಿಲೆಯೋಳಿಗೆ ಆ ಚಳಿ ಬೇರೆ ಕೇಡು. ಅವನು ಹೇಳ್ದಂಗೆ ಹೇಳ್ಬಿಡು ಮಗಳೇ. ಬಾಯಿಮಾತು ತಾನೆ."

ವೆರೋನಾ ಪಿನ್ನಕ್ ಬಾಯಿಯಿಂದಲೇ ಬದುಕಿದವಳು. ಏಳನೇ ವಯಸ್ಸಿಗೆ ಚರ್ಚಿನ ಹಾಡು, ಹದಿನಾರಕ್ಕೆ ಮೊದಲ ರೆಗ್ಗೇ ರೆಕಾರ್ಡು. ಅದಕ್ಕೆ ಸಿಕ್ಕಿದ್ದು ಒಂದು ಜೊತೆ ಚಪ್ಪಲಿ ಮತ್ತು ಸ್ಟುಡಿಯೋ ಧಣಿಯ ಆಶೀರ್ವಾದ. ಇಪ್ಪತ್ಮೂರಕ್ಕೆ ಲಂಡನ್ ಸೇರಿದಳು. ಅಲ್ಲಿ ಹಗಲು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆದಳು, ವಾರದ ಕೊನೆಗೆ ಮದುವೆಮನೆಗಳಲ್ಲಿ ಹಾಡಿದಳು. ಕೊನೆಗೆ ಯಾರೋ ಒಬ್ಬ ಪುಣ್ಯಾತ್ಮ ಅವಳ ಹಳೆಯ ರೆಗ್ಗೇ ಹಾಡನ್ನು ಡಿಸ್ಕೋ ಮಾಡಿ ಒಂಬತ್ತು ನಿಮಿಷಕ್ಕೆ ಎಳೆದ. ಎಳೆದದ್ದೇ ತಡ, ಲಂಡನ್ನಿಗೆ ಲಂಡನ್ನೇ ಅದಕ್ಕೆ ಕುಣಿಯಿತು. ಆ ಹಾಡಿನ ನಡುವೆ ಎರಡು ನಿಮಿಷ ಬರೀ ಡ್ರಮ್ಮು, ಬೇಸ್ ಗಿಟಾರು. ಊರಲ್ಲಿ ಹಾಡುವಾಗ ಸಲಾಂ ಹೇಳಬೇಕಾದ ಜಾಗ ಅದೇ.

ಕ್ರಿಸ್‌ಮಸ್ ದಿನ ಬೆಳಕು ಹರಿಯುವ ಮೊದಲೇ, ಕಛೇರಿ ಇದ್ದ, ಯಾವ ಪಕ್ಷಕ್ಕೂ ಸೇರದ ಪೇಟೆಯ ಸಿನಿಮಾ ಹಾಲು ತುಂಬಿತ್ತು. ಮಕ್ಕಳು ಹೊಸ ಬಟ್ಟೆಯಲ್ಲಿ ಪೀಪಿ ಊದುತ್ತಿದ್ದರು. ವೆರೋನಾ ಪರದೆಯ ಸಂದಿಯಿಂದ ಇಣುಕಿದಳು. ನಡುದಾರಿಯ ಎಡಕ್ಕೆ ಟ್ಯಾಮರಿಂಡ್ ಲೇನಿನವರು, ಬಲಕ್ಕೆ ಪಿಜನ್ ಲೇನಿನವರು. ರೇಡಿಯೋದಲ್ಲಿ ತಮ್ಮ ಹೆಸರು ಕೇಳಿ ಹಿಗ್ಗಿ ಬಂದಿದ್ದರು ಪಾಪ, ಅಜ್ಜಿಯರನ್ನೂ ಕರೆದುಕೊಂಡು. ಮೂರನೇ ಸಾಲಿನಲ್ಲಿ ಕೆಂಪು ಟೋಪಿ ಹಾಕಿಕೊಂಡು, ಮಡಿಲಲ್ಲಿ ಮಗು ಇಟ್ಟುಕೊಂಡು ಕೂತಿದ್ದವಳು ಲರ್ಲೀನ್. ಶಾಲೆಯಲ್ಲಿ ಆರು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳತಿ.

ಅತ್ತ ದರಿ, ಇತ್ತ ಪುಲಿ. ಹೇಳದಿದ್ದರೆ ಅಮ್ಮನ ಮನೆಗೆ ಬೆಂಕಿ. ಹೇಳಿದರೆ ಬಲಗಡೆಯಿಂದ ಬಾಟಲಿ ಬರುತ್ತದೋ ಗುಂಡು ಬರುತ್ತದೋ ದೇವರೇ ಬಲ್ಲ. ವೆರೋನಾ ವೇದಿಕೆಗೆ ಹೋದಳು. ಹಾಡಿದಳು. ನಾಲ್ಕು ನಿಮಿಷ ಮುಗಿಯಿತು, ಗಾಳಿವಾದ್ಯಗಳು ನಿಂತವು, ಡ್ರಮ್ಮು ಮತ್ತು ಬೇಸ್ ಉಳಿದವು.

ಲರ್ಲೀನ್ ಮಗುವನ್ನು ಎತ್ತಿ ಹಿಡಿದಳು.

"ಟ್ಯಾಮರಿಂಡ್ ಲೇನಿಗೆ ಸಲಾಂ!" ಅಂದಳು ವೆರೋನಾ. "ಅವರೊಬ್ಬರಿಗೇ ಸಲಾಂ! ರಸ್ತೆ ಆಚೆ ನನಗೆ ಯಾರೂ ಇಲ್ಲ!"

ಎಡಗಡೆ ಆಕಾಶವೇ ಕಳಚಿ ಬಿದ್ದ ಹಾಗೆ ಸದ್ದಾಯಿತು. ಕಿಂಗ್‌ಸ್ಟನ್ನಿನ ಜನಕ್ಕೆ ಒಂದು ಹಾಡು ತೀರಾ ಹಿಡಿಸಿದರೆ ಚಪ್ಪಾಳೆ ತಟ್ಟಿ ಸುಮ್ಮನಾಗುವುದಿಲ್ಲ. ಕುರ್ಚಿ ಬಡಿಯುತ್ತಾರೆ. ಬಡಿದರೆ ಬ್ಯಾಂಡಿನವರು ಹಾಡನ್ನು ಅಲ್ಲಿಗೇ ನಿಲ್ಲಿಸಿ ಮತ್ತೆ ಮೊದಲಿನಿಂದ ನುಡಿಸಬೇಕು. ಗಾಯಕಿಗೆ ಇದಕ್ಕಿಂತ ದೊಡ್ಡ ಗೌರವ ಇಲ್ಲ. ಆ ಗೌರವಕ್ಕಿಷ್ಟು ಬೆಂಕಿ ಹಾಕ, ಡ್ರಮ್ಮಿನವನು ಕೋಲು ಎತ್ತಿ ನಿಲ್ಲಿಸಿದ, ನಗುತ್ತಾ ಮೊದಲಿನಿಂದ ಶುರುಮಾಡಿದ.

ಮತ್ತೆ ನಾಲ್ಕು ನಿಮಿಷ. ಲರ್ಲೀನ್ ಹೋಗಿರಲಿಲ್ಲ. ಮೊದಲ ಸಲ ಬಾಯಿತಪ್ಪಿ ಬಂದಿರಬೇಕು ಎಂದುಕೊಂಡಳೋ ಏನೋ, ಕತ್ತು ಚಾಚಿ ಕಾಯುತ್ತಿದ್ದಳು. ಎಡಬದಿಯ ಬಾಗಿಲ ಹತ್ತಿರ ಸ್ಪ್ಯಾನರ್ ಕೈಕಟ್ಟಿ ನಿಂತಿದ್ದ. ವೆರೋನಾ ಕಣ್ಣು ಮುಚ್ಚಿ ಅದೇ ಮಾತು ಹೇಳಿದಳು. ಮತ್ತೆ ಕುರ್ಚಿಗಳ ಸದ್ದು, ಮತ್ತೆ ಮೊದಲಿನಿಂದ. ಮೂರನೇ ಸಲ ಹೇಳುವಾಗ ಕಣ್ಣು ಬಿಟ್ಟಳು. ಬಾಟಲಿ ಬರಲಿಲ್ಲ, ಗುಂಡೂ ಬರಲಿಲ್ಲ. ಬಲಗಡೆಯವರು ಎದ್ದು, ಅಜ್ಜಿಯರ ಕೈಹಿಡಿದು, ಸದ್ದಿಲ್ಲದೆ ಹೊರಗೆ ಹೋಗುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಮನೆಗೆ ಬಂದಾಗ ಜಗಲಿಯಲ್ಲಿ ಕೂತಿದ್ದ ಇಬ್ಬರು ಎದ್ದು ಟೋಪಿ ತೆಗೆದು ಹೋದರು. ಮನೆ ಇದ್ದ ಹಾಗೇ ಇತ್ತು. ವೆರೋನಾ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತಳು.

"ಲರ್ಲೀನ್ ಬಂದಿದ್ಲಾ?" ಮಿಸ್ ಐಲೀನ್ ಕೇಳಿದಳು.

"ಬಂದಿದ್ಲು. ಎದುರಿಗೇ ಕೂತಿದ್ಲು."

ಮಿಸ್ ಐಲೀನ್ ಎದ್ದುಹೋಗಿ ಕಿಟಕಿ ಮುಚ್ಚಿ ಬಂದಳು. ಆಮೇಲೆ ಪಿಸುಮಾತಿನಲ್ಲಿ ಹೇಳಿದಳು. "ಎರಡು ವರ್ಷದಿಂದ ಪ್ರತಿ ಶನಿವಾರ ನಂಗೆ ಸೂಪ್ ತಂದ್ಕೊಡೋಳು ಅವಳೇ ಕಣೇ. ಸಕ್ಕರೆ ಕಾಯಿಲೆ ಮಾತ್ರೇನೂ ಅವಳೇ ತರೋದು. ಔಷಧಿ ಅಂಗಡಿ ಆ ಕಡೆ ತಾನೆ ಇರೋದು. ಹಿಂದುಗಡೆ ತಗಡಿನ ಬೇಲಿ ಸಂದೀಲಿ ನುಗ್ಗಿ ಬರೋಳು."

ವೆರೋನಾ ತಲೆಯೆತ್ತಿದಳು. "ಅಕ್ಕಪಕ್ಕದೋರು ನೋಡ್ಕೋತಾರೆ ಅಂತ ಕಾಗದ ಬರೆಸ್ತಿದ್ದೆ ನೀನು!"

"ಇನ್ನೇನು ಬರೆಸ್ಲಿ? ಕಾಗದ ಬರೆದುಕೊಡೋನು ಸ್ಪ್ಯಾನರ್ ತಮ್ಮ."

"ನಿನ್ನೆ ಆದ್ರೂ ನಂಗೆ ಹೇಳ್ಬಾರ್ದಿತ್ತಾ?"

"ನಿನ್ನ ಬಾಯಿ ರೇಡಿಯೋದಲ್ಲಿ ಏನ್ ಮಾಡ್ತು ಅಂತ ಕೇಳಿದ್ನಲ್ಲ," ಅಂದಳು ತಾಯಿ. "ಹೆದರ್ಕೊಂಡೆ ಮಗಳೇ. ನೀನೂ ಹೆದರ್ಕೊಂಡೆ. ಈ ಊರಲ್ಲಿ ಹೆದರ್ದೆ ಇರೋರು ಯಾರಿದಾರೆ, ಅಳ್ಬೇಡ."

ಶನಿವಾರ ಅಂದರೆ ಕಿಂಗ್‌ಸ್ಟನ್ನಿನಲ್ಲಿ ಎಲ್ಲರ ಮನೆಯಲ್ಲೂ ಸೂಪು. ಆ ಶನಿವಾರ ಮಧ್ಯಾಹ್ನದ ತನಕ ಕಾದರು. ಹಿಂದಿನ ತಗಡು ಅಲುಗಲಿಲ್ಲ. ಮಾತ್ರೆ ನಾಲ್ಕೇ ಉಳಿದಿದ್ದವು. ವೆರೋನಾ ಕುಂಬಳಕಾಯಿ, ಗೆಣಸು, ದನದ ಮೂಳೆ ಹಾಕಿ ಸೂಪ್ ಮಾಡಿದಳು. ಅಮ್ಮನಿಗೆ ಬಡಿಸಿ, ಉಳಿದದ್ದಕ್ಕೆ ಮುಚ್ಚಳ ಮುಚ್ಚಿ, ಪಾತ್ರೆಗೆ ಬಟ್ಟೆ ಸುತ್ತಿದಳು.

"ಎಲ್ಲಿಗೆ?" ಅಂದಳು ಮಿಸ್ ಐಲೀನ್. ಮಗಳು ಆಗಲೇ ಹಿಂಬಾಗಿಲು ದಾಟಿದ್ದಳು.

ತಗಡಿನ ಸಂದಿಯಲ್ಲಿ ನುಗ್ಗಿ, ಹಿತ್ತಿಲುಗಳ ನಡುವೆ ನಡೆದು ಮೂಲೆಗೆ ಬಂದಳು. ಎದುರಿಗೆ ದೊಡ್ಡ ರಸ್ತೆ. ಹಾಡಹಗಲು, ಸುಡುವ ಬಿಸಿಲು, ಒಂದು ನರಪಿಳ್ಳೆ ಇಲ್ಲ. ಆಚೆ ಬದಿಯ ಮಹಡಿಯೊಂದರಲ್ಲಿ ಪರದೆ ಸರಿಯಿತು, ಗಾಳಿಗೋ ಮನುಷ್ಯರಿಂದಲೋ. ಹಿಂದೆ ಯಾರೋ ಕೆಮ್ಮಿದರು. ಸಮುದ್ರ ದಾಟಿ ಬಂದ ಕಾಲುಗಳು ಮೂವತ್ತು ಹೆಜ್ಜೆಗೆ ಮೇಲೇಳಲಿಲ್ಲ. ಎಷ್ಟು ಹೊತ್ತು ನಿಂತಳೋ, ಸೂಪು ಆರಿತು. ವಾಪಸು ಬಂದು, ಪಾತ್ರೆ ಕೆಳಗಿಟ್ಟು, ಬಾಗಿಲ ಹಿಂದೆ ಕುಸಿದು ಕೂತಳು. ಅವಳ ವಿಮಾನ ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಇತ್ತು.

"ನನ್ ಕೈಲಿ ಆಗ್ಲಿಲ್ಲಮ್ಮಾ."

ಮಿಸ್ ಐಲೀನ್ ಪಾತ್ರೆಯ ಮುಚ್ಚಳ ಸರಿಮಾಡಿದಳು. ಆಮೇಲೆ, "ಲರ್ಲೀನೂ ಮೊದಲನೇ ಸಲ ಮೂಲೆ ತನಕ ಬಂದು ವಾಪಸ್ ಹೋಗಿದ್ಲಂತೆ," ಅಂದಳು.

"ಎರಡನೇ ಸಲ?"

"ಎರಡನೇ ಸಲ ಬಂದ್ಲು."

ವೆರೋನಾ ಎದ್ದು ಸೂಪನ್ನು ಮತ್ತೆ ಒಲೆಯ ಮೇಲಿಟ್ಟಳು.