ಅಪ್ಪನ ಗೂಡ್ಸ್ ರೈಲು

ನನ್ನ ಅಣ್ಣ ಅಜ್ಜಯ್ಯನಂಥ ಕುಹಕಿ ಇಡೀ ಕೊಟ್ಟೂರಿನಲ್ಲಿ ಇನ್ನೊಬ್ಬನಿಲ್ಲ. ಅಪ್ಪನಿಗೆ ಮುಂಬಯಿಯ ಹತ್ತಿ ಏಜೆಂಟನೊಬ್ಬ ತಗಡಿನ ಆಟದ ಗೂಡ್ಸ್ ರೈಲು ಕೊಟ್ಟಿದ್ದ. ಎಂಜಿನ್ನಿನ ಹಿಂದೆ ಆರು ಡಬ್ಬಿ. ಒಂದೊಂದರ ಮೇಲೂ ಒಂದೊಂದು ಕಂಪನಿಯ ಜಾಹೀರಾತು. ಎಪ್ಪತ್ನಾಲ್ಕರಲ್ಲಿ ಮನೆ ಪಾಲಾದಾಗ ಹಿರಿಯರು ಚೆಂಬು, ತಟ್ಟೆ ಹಂಚಿದ ಹಾಗೆ ಅದನ್ನೂ ಹಂಚಿಬಿಟ್ಟರು. ಎಂಜಿನ್ನು, ಮೂರು ಡಬ್ಬಿ ನನಗೆ. ಮೂರಾನೆ ಚಹಾ, ರೋಜಾ ಸೋಪು, ಹ್ಯಾರೋಬಿ ಬಿಸ್ಕತ್ತು ಅವನಿಗೆ.

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ಹೊಸಪೇಟೆಯ ಗುಜರಿ, ಹಡಗಲಿಯ ಸಂತೆ ಎಲ್ಲ ಜಾಲಾಡಿ ಅಂಥವೇ ಹತ್ತೊಂಬತ್ತು ಡಬ್ಬಿ ಕೂಡಿಸಿದೆ. ಅಪ್ಪನ ರೈಲೇ ಅರ್ಧ ಉಳಿದಿತ್ತು. ಅದು ಪೂರ್ತಿಯಾಗದೆ ನನಗೆ ನೆಮ್ಮದಿಯಿರಲಿಲ್ಲ. ಕೇಳಿದಾಗಲೆಲ್ಲ ಅಣ್ಣ ಕೊಡುವುದಿಲ್ಲವೆಂದ. ಹೊಲದ ಬದುವಿನ ಬೇವಿನಮರ ಯಾರದೆಂದು ಏಳು ವರ್ಷದಿಂದ ನಮಗೆ ಜಗಳವಿತ್ತು. ಎಂಬತ್ತೊಂದರಲ್ಲಿ ಹಲ್ಲು ಕಚ್ಚಿಕೊಂಡು, ಮರ ನೀನೇ ಇಟ್ಟುಕೋ, ಡಬ್ಬಿ ಕೊಡು ಎಂದು ಇಬ್ಬರಿಗೂ ಬೇಕಾದ ಜಂಬಣ್ಣನ ಕೈಲಿ ಹೇಳಿಕಳಿಸಿದೆ. ಎರಡು ದಿನ ಬಿಟ್ಟು ಗಂಟು ಬಂತು.

ಬಿಚ್ಚಿದರೆ ಮೂರೂ ಬೋಳು ತಗಡು. ಚಹಾವೂ ಇಲ್ಲ, ಸೋಪೂ ಇಲ್ಲ. ಬೇಕೆಂದೇ ಅಳಿಸಿದ್ದಾನೆಂದು ಮೈಯೆಲ್ಲ ಉರಿದುಹೋಯಿತು. ನೇರ ಅವನ ಅಂಗಳಕ್ಕೆ ಹೋಗಿ ಬಾಯಿಗೆ ಬಂದಂತೆ ಬೈದೆ.

ಅವನು ಮುಖ ಗಂಟಿಕ್ಕಿದ. “ಅಪ್ಪ ಮುಟ್ಟಿದ್ದು ಅಂತ ವರ್ಷಾ ಹಿರೇರ ಅಮಾಸಿಗೆ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ, ಅವನ ಫೋಟೋದ ಮುಂದ ಇಟ್ಟೀನಲೇ. ಹೊಲಸು ಇಡಾಕ ಬರ್ತೈತೇನು?”

ಹೊಲಸಲ್ಲ, ಬಣ್ಣ ಅದು, ಅದರ ಬೆಲೆಯೇ ಆ ಬಣ್ಣದಲ್ಲಿತ್ತು ಎಂದು ಕೂಗಾಡಿದೆ.

“ಹಂಗಾರ ನಿನಗ ಬ್ಯಾಡಲ್ಲ. ಮರ ನೀನ ತಗಾ, ಅವನ್ನ ಕೊಡು. ನಾಳಿದ್ದು ಅಮಾಸಿ ಐತಿ.”

ಕೊಡಬಹುದಿತ್ತು. ಆ ಬೋಳು ತಗಡನ್ನು ನನ್ನ ಸಾಲಿನಲ್ಲಿ ನಿಲ್ಲಿಸಲು ನನಗೇ ನಾಚಿಕೆ. ಆದರೂ ಕೊಡಲಿಲ್ಲ. ಅವನಿಗೆ ಸಿಗಬಾರದು, ಅಷ್ಟೇ. ಆದ ಮಾತು ಆಯಿತು ಎಂದು ಬಂದುಬಿಟ್ಟೆ.

ಪಿತೃಪಕ್ಷದ ಆ ಅಮಾವಾಸ್ಯೆಯ ಮಧ್ಯಾಹ್ನ ನನ್ನ ಹೆಂಡತಿ ಉಚ್ಚಂಗೆಮ್ಮ ನಮ್ಮಣ್ಣನ ಮನೆಗೆ ಹೋಗಿಬಂದಳು. ಅವನು ಅಪ್ಪನ ಫೋಟೋದ ಮುಂದೆ ಎಡೆ ಇಟ್ಟು, ಪಕ್ಕದಲ್ಲಿ ಮೂರು ಡಬ್ಬಿಯಷ್ಟು ಜಾಗವನ್ನು ಖಾಲಿ ಬಿಟ್ಟಿದ್ದನಂತೆ. ಸೋತನಲ್ಲ ಎಂದು ನಕ್ಕೆ. ಅವಳು ಬಡಿಸಿದ ಹೋಳಿಗೆಯನ್ನು ಮಾತ್ರ ತಟ್ಟೆಯಲ್ಲೇ ಬಿಟ್ಟು ಎದ್ದೆ.