ವಾರನ್ ಸಾಹೇಬರ ಅಪ್ಪನ ಸುದ್ದಿ

ಅಮೇರಿಕಾದಲ್ಲಿ ಹಿಮ ಬಿದ್ದರೆ ನನಗೇನು? ನಾನು ಕುವೈತಿನ ಖೈತಾನ್ ಎಂಬಲ್ಲಿ ಒಂದು ಕಂಪನಿ ಗೆಸ್ಟ್‌ಹೌಸಿನ ಅಡುಗೆಯವ. ಹೆಸರು ಸೇಸಪ್ಪ, ಊರು ಕಾರ್ಕಳದ ಹತ್ತಿರ. ಹಿಮವನ್ನು ಫ್ರಿಜ್ಜಿನಿಂದ ಕೆರೆದು ತೆಗೆದವನೇ ಹೊರತು ಬೇರೆಲ್ಲೂ ಕಂಡವನಲ್ಲ. ಆದರೂ ತೊಂಬತ್ತರ ನವೆಂಬರಿನಲ್ಲಿ ಆ ದೇಶದ ಹವೆಯನ್ನು ಕಿವಿಗೊಟ್ಟು ಕೇಳುವ ಕರ್ಮ ನನಗೆ ಬಂತು.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದ ಮೇಲೆ ನಮ್ಮವರು ಹೆಚ್ಚಿನವರೆಲ್ಲ ಬಸ್ಸು ಹತ್ತಿ ಜೋರ್ಡಾನಿನ ದಾರಿ ಹಿಡಿದರು. ನನ್ನ ಪಾಸ್‌ಪೋರ್ಟ್ ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಅರಬಿ ಧಣಿ, ಕಫೀಲನ ಕೈಯಲ್ಲಿತ್ತು. ಆ ಪುಣ್ಯಾತ್ಮ ಅದನ್ನು ಜೇಬಿನಲ್ಲಿಟ್ಟುಕೊಂಡೇ ಸೌದಿಗೆ ಓಡಿದ್ದ. ಹಾಗಾಗಿ ನಾನು ಉಳಿದೆ. ಹಿಂದಿನ ಕೋಣೆಯಲ್ಲಿ ಕಂಪನಿಯ ಇಂಜಿನಿಯರ್ ವಾರನ್ ಸಾಹೇಬರು ಅಡಗಿದ್ದರು. ಅಮೇರಿಕಾದವರು ಸಿಕ್ಕಿದರೆ ಸೈನಿಕರು ಒತ್ತೆಯಾಳಾಗಿ ಬಾಗ್ದಾದಿಗೆ ಒಯ್ಯುತ್ತಿದ್ದರು. ಹೊರಗಿನ ಸಂಗತಿ ಏನಿದ್ದರೂ ಅವರಿಗೆ ನಾನು ಹೇಳಿಯೇ ಗೊತ್ತಾಗಬೇಕು.

ರೇಡಿಯೋ ಒಂದಿತ್ತು. ಭಾನುವಾರ ಬೆಳಿಗ್ಗೆ ಅಮೇರಿಕಾದ ಸ್ಟೇಷನ್ನಿನಲ್ಲಿ, ಇಲ್ಲಿ ಸಿಕ್ಕಿಹಾಕಿಕೊಂಡವರಿಗೆ ಮನೆಯವರು ಹೇಳಿದ ಮಾತು ಬರುತ್ತಿತ್ತು. ಒಂದು ಭಾನುವಾರ ಸಾಹೇಬರು ಜ್ವರದಿಂದ ಎಚ್ಚರವಿಲ್ಲದೆ ಮಲಗಿದ್ದರು. ನಾನೇ ಕೇಳಿದೆ.

ಮೊದಲು ವಾರ್ತೆ. ದೇಶದ ಆ ತುದಿಯಿಂದ ಈ ತುದಿಗೆ ಬಿರುಗಾಳಿ. ಬಡಗಿನಲ್ಲಿ ಹಿಮ, ನಡುವೆ ರಸ್ತೆಯೆಲ್ಲ ಮಂಜುಗಡ್ಡೆ, ತೆಂಕಿನಲ್ಲಿ ಮಳೆ. ಅಷ್ಟು ದೊಡ್ಡ ದೇಶಕ್ಕೆ ಒಂದೇ ಸಲ ಶೀತ ಹಿಡಿದ ಹಾಗೆ. ಆಮೇಲೆ ಸಾಹೇಬರ ಹೆಂಡತಿಯ ಸ್ವರ ಬಂತು: "ವಾರನ್, ಅಪ್ಪ ಮಂಜುಗಡ್ಡೆಯಲ್ಲಿ ಜಾರಿ ಬಿದ್ದಿದ್ದಾರೆ. ಆಸ್ಪತ್ರೆಯಲ್ಲಿದ್ದಾರೆ. ನಿನ್ನನ್ನೇ ಕೇಳುತ್ತಿದ್ದಾರೆ."

ಅಯ್ಯೋ ದೇವರೇ, ಈ ಮಾತು ನನಗೆ ಗೊತ್ತಿಲ್ಲದ್ದಾ? 'ಅಪ್ಪನಿಗೆ ಹುಷಾರಿಲ್ಲ, ಕೂಡಲೇ ಹೊರಟು ಬಾ' ಎಂಬ ಟೆಲಿಗ್ರಾಂ ನನಗೂ ಬಂದಿತ್ತು. ನಾನು ಊರು ಮುಟ್ಟುವಾಗ ಅಪ್ಪನ ಉತ್ತರಕ್ರಿಯೆಗೆ ಚಪ್ಪರ ಹಾಕುತ್ತಿದ್ದರು. ಗಲ್ಫಿನಲ್ಲಿರುವವನಿಗೆ ಸಾವಿನ ಸುದ್ದಿಯನ್ನು ಯಾರೂ ನೇರ ಹೇಳುವುದಿಲ್ಲ. ಆಸ್ಪತ್ರೆ ಅಂದರೆ ಮುಗಿಯಿತು ಅಂತಲೇ.

ಮಧ್ಯಾಹ್ನ ನೊರ್ಬರ್ಟ್ ಬಂದ. ಜೋರ್ಡಾನಿಗೆ ಲಾರಿ ಓಡಿಸುವ ಮಂಗಳೂರಿನವ. ಕದ್ದು ಕಾಗದ ಒಯ್ಯುತ್ತಿದ್ದ. ಅಮ್ಮಾನಿನಲ್ಲಿ ಅವನ ಭಾವ ಅದನ್ನು ಫೋನಿನಲ್ಲಿ ಅಮೇರಿಕಾಕ್ಕೆ ಓದಿ ಹೇಳುತ್ತಿದ್ದ. ನಾನು ಸಂಗತಿ ಹೇಳಿದೆ.

"ಹೋಗಿಯೇ ಬಿಟ್ಟಿದ್ದಾರೆ ಮಾರಾಯ, ಅದರಲ್ಲಿ ಎಂತ ಸಂಶಯ?" ಎಂದ. "ಈಗ ಹೇಳ್ಬೇಡ. ತಲೆಕೆಟ್ಟು ಹೊರಗೆ ಓಡಿದ್ರೆ ಖಲಾಸ್."

ಸಾಹೇಬರು ಎದ್ದವರೇ ಕೇಳಿದರು: "ಏನಾದರೂ ಬಂತಾ?"

"ಇಲ್ಲ ಸರ್. ಅಲ್ಲಿ ಬಿರುಗಾಳಿಯಂತೆ, ಫೋನ್ ಲೈನ್ ಹೋಗಿರ್ಬೇಕು."

ಜ್ವರದಲ್ಲೇ ಹೆಂಡತಿಗೆ ಒಂದು ಪುಟ ಬರೆದರು. "ಅಪ್ಪನಿಗೆ ಮುಂದಿನ ಸಲ ಬೇರೆಯೇ ಬರೆಯುತ್ತೇನೆ, ಈಗ ಆಗುವುದಿಲ್ಲ" ಎಂದು ಮಡಚಿ ಕೊಟ್ಟರು. ಅದನ್ನು ನೊರ್ಬರ್ಟನಿಗೆ ಮುಟ್ಟಿಸಿದೆ. ಆ ಹಿರಿಯರ ಸೂತಕವೆಂದು ಮೂರು ದಿನ ನಾನು ಮೀನು ಮುಟ್ಟಲಿಲ್ಲ.

ಮುಂದಿನ ಭಾನುವಾರ ಜ್ವರ ಬಿಟ್ಟಿತ್ತು. ಇಬ್ಬರೂ ರೇಡಿಯೋ ಮುಂದೆ ಕುಳಿತೆವು. ಅದೇ ಸ್ವರ: "ವಾರನ್, ನಿನ್ನ ಕಾಗದ ಬುಧವಾರ ಫೋನಿನಲ್ಲಿ ಬಂತು. ಅಪ್ಪನಿಗೆ ಹೇಳಿದೆ. ನನಗೇನು ಬರೆದಿದ್ದಾನೆ, ನನಗೇನು ಬರೆದಿದ್ದಾನೆ ಎಂದು ಕೇಳುತ್ತಲೇ ಇದ್ದರು. ಶುಕ್ರವಾರ ತೀರಿಕೊಂಡರು. ಹಿಮದಿಂದ ರಸ್ತೆ ಮುಚ್ಚಿದೆ, ಮಣ್ಣು ಮಾಡುವುದು ತಡ."

ಸಾಹೇಬರು ನನ್ನ ಕಡೆ ತಿರುಗಿದರು. "ಅವಳು ಮೊದಲೇ ಹೇಳಿದ್ದಳಾ?"

ನಾನು ಎಲ್ಲವನ್ನೂ ಒಪ್ಪಿಕೊಂಡೆ. "ನಮ್ಮಲ್ಲಿ ಹಾಗೆ ಹೇಳಿದ್ರೆ ಸತ್ತ ಹಾಗೆಯೇ ಸರ್."

"ನಮ್ಮಲ್ಲಿ ಆಸ್ಪತ್ರೆಯಲ್ಲಿದ್ದಾರೆ ಅಂದರೆ ಆಸ್ಪತ್ರೆಯಲ್ಲಿದ್ದಾರೆ, ಸೇಸಪ್ಪ."

ಅಷ್ಟೇ. ಕೆನ್ನೆಗೆ ಎರಡು ಬಿಟ್ಟಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಬೈಯಲಿಲ್ಲ, ಹೊರಗೆ ಓಡಲೂ ಇಲ್ಲ. ನಾನು ಕೊಟ್ಟ ಗಂಜಿಯನ್ನೇ ಉಂಡರು.

ಡಿಸೆಂಬರಿನಲ್ಲಿ ಅಮೇರಿಕಾದವರನ್ನೆಲ್ಲ ಬಿಡುತ್ತಾರೆ ಎಂದು ಬೀದಿಯಲ್ಲಿ ಸುದ್ದಿ ಬಂತು. ನಾನು ಓಡಿ ಬಂದು ಕೋಣೆಯ ಬಾಗಿಲು ತಟ್ಟಿದೆ. "ಸರ್, ನಿಮ್ಮನ್ನು ಊರಿಗೆ ಕಳಿಸ್ತಾರಂತೆ! ಹೊರಗೆ ಬನ್ನಿ!"

ಚಿಲಕ ತೆಗೆಯಲಿಲ್ಲ. ಒಳಗಿನಿಂದಲೇ ಕೇಳಿದರು: "ಸೇಸಪ್ಪ, ಇದನ್ನು ಹೌದೆಂದು ಹೇಳಬಲ್ಲವರು ಬೇರೆ ಯಾರಾದರೂ ಇದ್ದಾರಾ?"